ಬೆಂಗಳೂರಿನಲ್ಲಿ ನಿಂತುಹೋದ ಟೆಸ್ಟ್

2007ರ ಡಿಸೆಂಬರ್ 12ರ ಸಂಜೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಳಕು ಕುಂದುತ್ತಿತ್ತು. ಐದು ದಿನ ತುಳಿಸಿಕೊಂಡ ಪಿಚ್ ಸತ್ತುಹೋಗಿ, ಚೆಂಡು ಒಮ್ಮೊಮ್ಮೆ ಪುಟಿಯದೆ ನೆಲಕ್ಕಂಟಿಕೊಂಡೇ ಹೋಗುತ್ತಿತ್ತು. ಭಾರತದ ನಾಯಕ ಅನಿಲ್ ಕುಂಬ್ಳೆ ಅದನ್ನು ಗಮನಿಸಿ, ಆಯುಷ್ಯವಿಡೀ ಹಾಕಿದ ಲೆಗ್‌ಸ್ಪಿನ್ನನ್ನು ಪಕ್ಕಕ್ಕಿಟ್ಟು ಮಧ್ಯಮ ವೇಗದಲ್ಲಿ ಬೌಲ್ ಮಾಡತೊಡಗಿದರು. ತಮ್ಮದೇ ಊರು, ತಮ್ಮದೇ ಮೈದಾನ. ಅದರ ನೆಲದ ಗುಣ ಅವರಿಗೆ ಗೊತ್ತಿತ್ತು. 60 ರನ್ ಕೊಟ್ಟು 5 ವಿಕೆಟ್ ಕಿತ್ತರು. ಪಾಕಿಸ್ತಾನ 7 ವಿಕೆಟ್‌ಗೆ 162ರಲ್ಲಿದ್ದಾಗ ಆಟ ಮುಗಿಯಿತು, ಪಂದ್ಯ ಡ್ರಾ ಆಯಿತು. ಮೂರು ಟೆಸ್ಟ್‌ಗಳ ಸರಣಿ 1-0ರಿಂದ ಭಾರತದ್ದಾಯಿತು. ತವರಿನಲ್ಲಿ ಪಾಕಿಸ್ತಾನದ ಮೇಲೆ ಸರಣಿ ಗೆಲ್ಲಲು 1979-80ರ ನಂತರ ಅಷ್ಟು ಕಾಲ ಕಾಯಬೇಕಾಗಿತ್ತು.

ಅದೇ ಕಡೆಯದು. ಆಮೇಲೆ ಇವತ್ತಿನವರೆಗೂ ಭಾರತ-ಪಾಕಿಸ್ತಾನ ಒಂದೂ ಟೆಸ್ಟ್ ಆಡಿಲ್ಲ. ಇವತ್ತು ನಮ್ಮ ಬಳ್ಳಾರಿ ಸೀಮೆಯ ಸಿರುಗುಪ್ಪದಲ್ಲಿ ಪಿಯುಸಿ ಓದುತ್ತಿರುವ ಹುಡುಗನಿಗೆ, ಕುರುಗೋಡಿನ ಬೆಟ್ಟದ ಬುಡದಲ್ಲಿ ಟೆನಿಸ್ ಬಾಲ್ ಆಡುವ ಮಕ್ಕಳಿಗೆ, ಈ ಎರಡು ತಂಡಗಳ ಆಟವೆಂದರೆ ದುಬೈಯಿಂದ ಬರುವ ಮೂರು ಗಂಟೆಯ ಗದ್ದಲ. ಜಾಹೀರಾತಿನ ನಡುವೆ ಇಪ್ಪತ್ತು ಓವರು, ಆಮೇಲೆ ಮೊಬೈಲ್‌ನಲ್ಲಿ ಬೈಗುಳ. ಅವರ ತಪ್ಪೇನಿಲ್ಲ, ನೋಡಲು ಸಿಕ್ಕಿರುವುದೇ ಅಷ್ಟು. ಆದರೆ ಈ ಜಿದ್ದು ಬೆಳೆದದ್ದು ಐದು ದಿನದ ಆಟದಲ್ಲಿ. ಅದರಲ್ಲಿ ಕನ್ನಡದ ನೆಲದ ಆಟಗಾರರ ಪಾಲು ನಾವು ನೆನೆಯುವುದಕ್ಕಿಂತ ಬಹಳ ದೊಡ್ಡದು. ಆಡದೆ ಬಿಟ್ಟ ವರ್ಷಗಳೆಲ್ಲ ಸಿಟ್ಟನ್ನು ಕೂಡಿಹಾಕಿದವು, ಕೂತು ಆಡಿದ ವರ್ಷಗಳು ಅದನ್ನು ಕರಗಿಸಿದವು ಎಂಬುದು ನನ್ನ ನಂಬಿಕೆ. ಎಪ್ಪತ್ತು ವರ್ಷಗಳ ಚರಿತ್ರೆ ತೆರೆದು ನೋಡಿದರೆ ನಿಮಗೂ ಹಾಗೆಯೇ ಅನ್ನಿಸೀತು.

ಮೊದಲ ಟೆಸ್ಟ್ ನಡೆದದ್ದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ, 1952ರ ಅಕ್ಟೋಬರ್‌ನಲ್ಲಿ. ನಮ್ಮ ಬಳ್ಳಾರಿ ಆಗಿನ್ನೂ ಮೈಸೂರಿನದಲ್ಲ, ಮದ್ರಾಸಿನದು. ಮುಂದಿನ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದ ದಿನವೇ ಜಿಲ್ಲೆ ಇಬ್ಭಾಗವಾಗಿ ಬಳ್ಳಾರಿ, ಸಿರುಗುಪ್ಪ ಈಚೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಚೆ ಹೋದವು. ಆದವಾನಿಯಲ್ಲಿ ಬೀಗರಿರುವ ಮನೆಗಳು ಸಿರುಗುಪ್ಪದಲ್ಲಿ ಇವತ್ತಿಗೂ ಎಷ್ಟೋ. ನಮಗೆ ಅಡ್ಡ ಬಂದ ಗೆರೆಯನ್ನು ಬಸ್ಸು ಹತ್ತಿ ದಾಟಿಬಿಡುತ್ತೇವೆ. ದೆಹಲಿಯಲ್ಲಿ ಎದುರುಬದುರು ನಿಂತ ಆಟಗಾರರ ನಡುವಿನ ಗೆರೆ ಹಾಗಿರಲಿಲ್ಲ. ಪಾಕಿಸ್ತಾನದ ನಾಯಕ ಅಬ್ದುಲ್ ಹಫೀಜ್ ಕಾರ್ದಾರ್ 1946ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಪರವಾಗಿಯೇ ಟೆಸ್ಟ್ ಆಡಿದ್ದವರು. ತಂಡದಲ್ಲಿದ್ದ ಅಮೀರ್ ಇಲಾಹಿಯೂ ಒಮ್ಮೆ ಭಾರತಕ್ಕೆ ಆಡಿದವರೇ. ಆ ಟೆಸ್ಟಿನಲ್ಲಿ ವಿನೂ ಮಂಕಡ್ 13 ವಿಕೆಟ್ ಕಿತ್ತರು, ಭಾರತ ಇನಿಂಗ್ಸ್ ಮತ್ತು 70 ರನ್ನಿಂದ ಗೆದ್ದಿತು. ಲಖನೌದಲ್ಲಿ ಚಾಪೆ ಹಾಸಿದ ಪಿಚ್ ಮೇಲೆ ಫಜಲ್ ಮಹಮೂದ್ 12 ವಿಕೆಟ್ ಕಿತ್ತು ಅದಕ್ಕೆ ಉತ್ತರ ಕೊಟ್ಟರು. ಸರಣಿ ಕಡೆಗೆ 2-1ರಿಂದ ಭಾರತಕ್ಕೆ ಬಂತು.

ಎಷ್ಟು ಚೆಂದದ ಆರಂಭ! ಆದರೆ ಆಮೇಲೆ ಎರಡೂ ಕಡೆ ಭಯ ಹೊಕ್ಕಿತು. ಸೋತು ಊರಿಗೆ ಹೋಗುವುದು ಹೇಗೆ ಎಂಬ ಭಯ. 1954-55ರ ಐದೂ ಟೆಸ್ಟ್ ಡ್ರಾ, 1960-61ರ ಐದೂ ಡ್ರಾ. ಮೊದಲ ಸರಣಿಯ ಕೊನೆಯ ಎರಡನ್ನು ಸೇರಿಸಿದರೆ ಸಾಲಾಗಿ 12 ಪಂದ್ಯ ಯಾರೂ ಗೆಲ್ಲಲಿಲ್ಲ. ಆನಂತರ ಹದಿನೇಳು ವರ್ಷ ಆಟವೇ ಇಲ್ಲ. ನಡುವೆ 1965 ಮತ್ತು 1971ರ ಯುದ್ಧಗಳಾಗಿಹೋದವು.

1978ರಲ್ಲಿ ಬಿಷನ್ ಸಿಂಗ್ ಬೇಡಿ ತಂಡ ಪಾಕಿಸ್ತಾನಕ್ಕೆ ಹೋದಾಗ ಬಳ್ಳಾರಿ ಸೀಮೆಯಲ್ಲಿ ಟೆಸ್ಟ್ ಎಂದರೆ ರೇಡಿಯೊ. ಆಕಾಶವಾಣಿಯ ವೀಕ್ಷಕ ವಿವರಣೆ ಸರದಿಯಂತೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರುತ್ತಿದ್ದ ಕಾಲ ಅದು. ಮನೆಯಲ್ಲಿ ದಖನಿ ಉರ್ದು ಆಡುವ ಬಳ್ಳಾರಿಯ ಕೌಲ್ ಬಜಾರಿನವರಿಗೆ ಹಿಂದಿ ವಿವರಣೆ ನೀರು ಕುಡಿದಷ್ಟು ಸಲೀಸು. ಅವರು ಕೇಳಿದ್ದನ್ನು ಪಕ್ಕದವನಿಗೆ ಕನ್ನಡದಲ್ಲೋ ತೆಲುಗಿನಲ್ಲೋ ದಾಟಿಸಿದರೆ ಬೀದಿಗೆಲ್ಲ ಸ್ಕೋರು ಗೊತ್ತು. ಕಾಲುವೆ ನೀರು ಬಂದ ಮೇಲೆ ಭತ್ತಕ್ಕೆ ತಿರುಗಿದ ಸಿರುಗುಪ್ಪದ ಹೊಲಗಳಲ್ಲಿ ಬದುವಿನ ಮೇಲೊಂದು ಟ್ರಾನ್ಸಿಸ್ಟರ್ ಇರುತ್ತಿತ್ತು.

ಆ ಪ್ರವಾಸ ನಮಗೆ ಸಿಹಿಯಾಗಿರಲಿಲ್ಲ. ಫೈಸಲಾಬಾದಿನಲ್ಲಿ ಗುಂಡಪ್ಪ ವಿಶ್ವನಾಥ್ 145 ಹೊಡೆದರು, ಕಪಿಲ್ ದೇವ್ ಎಂಬ ಹೊಸ ಹುಡುಗ ಮೊದಲ ಟೆಸ್ಟ್ ಆಡಿದ, ಸಂತೋಷ ಪಡಲು ಅಷ್ಟೇ. ಜಹೀರ್ ಅಬ್ಬಾಸ್ ನಮ್ಮ ಸ್ಪಿನ್ನರ್‌ಗಳನ್ನು ಚಚ್ಚಿಹಾಕಿದರು. ಸರಣಿ 2-0ರಿಂದ ಹೋಯಿತು. ಎರಪಳ್ಳಿ ಪ್ರಸನ್ನ ಅವರ ಕಡೆಯ ಟೆಸ್ಟ್ ಲಾಹೋರ್‌ನದು. ನಾಲ್ಕು ವರ್ಷದ ನಂತರ ಇಮ್ರಾನ್ ಖಾನ್ ಆರು ಟೆಸ್ಟ್‌ಗಳಲ್ಲಿ 40 ವಿಕೆಟ್ ಕಿತ್ತ ಸರಣಿಯಲ್ಲಿ ವಿಶ್ವನಾಥ್ ಅವರ ಸರದಿ. ಅವರ ಕಡೆಯ ಟೆಸ್ಟ್ ಕರಾಚಿಯಲ್ಲಿ ಆಯಿತು. ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದ ಇಬ್ಬರು ಮಹನೀಯರ ಟೆಸ್ಟ್ ಬದುಕು ಮುಗಿದದ್ದು ಪಾಕಿಸ್ತಾನದ ನೆಲದಲ್ಲಿ.

ಇಮ್ರಾನ್ ಮಾಡಿದ್ದೇನು? ಸರ್ಫ್ರಾಜ್ ನವಾಜ್ ಅವರಿಂದ ಕಲಿತ ವಿದ್ಯೆ ಅದು. ಹೊಸ ಚೆಂಡು ಗಾಳಿಯಲ್ಲಿ ತಿರುಗುವುದು ಎಲ್ಲರಿಗೂ ಗೊತ್ತು. ಹಳೆಯ ಚೆಂಡಿನ ಒಂದು ಮಗ್ಗುಲನ್ನು ಬೆವರು ಹಚ್ಚಿ ಉಜ್ಜಿ ಹೊಳಪಾಗಿ ಉಳಿಸಿಕೊಂಡು, ಇನ್ನೊಂದು ಮಗ್ಗುಲು ಒಣನೆಲಕ್ಕೆ ತಿಕ್ಕಿ ಒರಟಾಗಲು ಬಿಟ್ಟರೆ, ವೇಗವಾಗಿ ಹಾಕಿದಾಗ ಅದು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕೆ ಉಲ್ಟಾ ತಿರುಗುತ್ತದೆ. ರಿವರ್ಸ್ ಸ್ವಿಂಗ್ ಎಂದು ಈಗ ಹೈಸ್ಕೂಲು ಮಕ್ಕಳೂ ಹೇಳುವ ಈ ವಿದ್ಯೆ ಆಗ ಪಾಕಿಸ್ತಾನದ ಮನೆವಿದ್ಯೆ. ಇಮ್ರಾನ್ ಅದನ್ನು ವಾಸಿಂ ಅಕ್ರಂ, ವಕಾರ್ ಯೂನಿಸ್‌ಗೆ ದಾಟಿಸಿದರು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಅವರು ನಮ್ಮನ್ನು ಮಣಿಸಿದ್ದಕ್ಕೆ ಅದೃಷ್ಟವನ್ನು ದೂರುವುದು ಸರಿಯಲ್ಲ. ಅವರ ಬೌಲಿಂಗ್ ನಮಗಿಂತ ಚೆನ್ನಾಗಿತ್ತು.

ಬೆಂಗಳೂರಿಗೆ ಈ ಜಿದ್ದು ಬಂದದ್ದು 1979ರ ನವೆಂಬರ್‌ನಲ್ಲಿ. ಪಾಕಿಸ್ತಾನದ ನಾಯಕ ಆಸಿಫ್ ಇಕ್ಬಾಲ್. ಹುಟ್ಟೂರು ನಮಗೆ ಹತ್ತಿರದ ಹೈದರಾಬಾದ್. 1961ರಲ್ಲಿ ವಲಸೆ ಹೋಗುವ ಮೊದಲು ಅಲ್ಲಿನ ರಣಜಿ ತಂಡಕ್ಕೆ ಆಡಿದ್ದವರು. 1952ರ ಆ ಮೊದಲ ದೆಹಲಿ ಟೆಸ್ಟಿನಲ್ಲಿ ಭಾರತಕ್ಕೆ ಆಡಿದ ಗುಲಾಂ ಅಹ್ಮದ್ ಇವರ ಸೋದರಮಾವ. ಎದುರಿಗೆ ಭಾರತದ ತಂಡದಲ್ಲಿ ವಿಶ್ವನಾಥ್, ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ, ಮೊದಲ ಟೆಸ್ಟ್ ಆಡುತ್ತಿದ್ದ ರೋಜರ್ ಬಿನ್ನಿ. ಆ ಸರಣಿಯ ಕೊನೆಯ ಕಲ್ಕತ್ತಾ ಟೆಸ್ಟಿನಲ್ಲಿ ಭಾರತದ ನಾಯಕತ್ವ ವಿಶ್ವನಾಥ್ ಕೈಗೆ ಬಂತು. ಆಸಿಫ್ ಇಕ್ಬಾಲ್ ಅಲ್ಲೇ ಟೆಸ್ಟ್ ಆಟ ಮುಗಿಸಿದರು.

ಬಿನ್ನಿಯವರ ಕತೆ ಇನ್ನೂ ವಿಚಿತ್ರ. 1979ರಲ್ಲಿ ಪಾಕಿಸ್ತಾನದ ಎದುರು ಚಿನ್ನಸ್ವಾಮಿಯಲ್ಲಿ ಶುರುವಾದ ಅವರ ಟೆಸ್ಟ್ ಬದುಕು 1987ರ ಮಾರ್ಚ್‌ನಲ್ಲಿ ಅದೇ ಪಾಕಿಸ್ತಾನದ ಎದುರು ಅದೇ ಮೈದಾನದಲ್ಲಿ ಮುಗಿಯಿತು. ಅದಕ್ಕೆ ಮುನ್ನ ಕಲ್ಕತ್ತಾದಲ್ಲಿ ಅವರು 56 ರನ್ನಿಗೆ 6 ವಿಕೆಟ್ ಕಿತ್ತಿದ್ದರು. ಬೆಂಗಳೂರಿನ ಆ ಪಿಚ್ ಮೇಲೆ ಮಾತ್ರ ವೇಗಿಗಳಿಗೆ ಕೆಲಸವೇ ಇರಲಿಲ್ಲ.

1987ರ ಆ ಬೆಂಗಳೂರು ಟೆಸ್ಟ್ ಈ ಎರಡು ತಂಡಗಳು ಆಡಿದ ಎಲ್ಲ ಪಂದ್ಯಗಳಲ್ಲಿ ಶ್ರೇಷ್ಠವಾದದ್ದು ಎಂದು ನನ್ನ ಎಣಿಕೆ. ಮೊದಲ ನಾಲ್ಕು ಟೆಸ್ಟ್ ಡ್ರಾ ಆಗಿ ಸರಣಿ ಇಲ್ಲಿಗೆ ಬಂದಿತ್ತು. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಉರುಳಿಸಿದರು. ಭಾರತವೂ 145ಕ್ಕೆ ಮುಗಿಯಿತು. ಇಮ್ರಾನ್ ತಮ್ಮ ಹೆಸರಾಂತ ಸ್ಪಿನ್ನರ್ ಅಬ್ದುಲ್ ಖಾದಿರ್ ಅವರನ್ನೇ ಕೈಬಿಟ್ಟು ಇಕ್ಬಾಲ್ ಖಾಸಿಂ ಅವರನ್ನು ಆಡಿಸಿದ್ದರು. ಖಾಸಿಂ, ತೌಸೀಫ್ ಅಹ್ಮದ್ ಇಬ್ಬರೂ ಪಂದ್ಯದಲ್ಲಿ ತಲಾ 9 ವಿಕೆಟ್ ಪಡೆದರು. ಗೆಲ್ಲಲು ಬೇಕಿದ್ದದ್ದು 221. ಚೆಂಡು ಧೂಳೆಬ್ಬಿಸಿ ಎದೆಮಟ್ಟಕ್ಕೂ ಏಳುತ್ತಿದ್ದ, ಕಾಲಡಿಗೂ ನುಗ್ಗುತ್ತಿದ್ದ ಆ ನೆಲದ ಮೇಲೆ ಸುನಿಲ್ ಗಾವಸ್ಕರ್ ತಮ್ಮ ಕಡೆಯ ಟೆಸ್ಟ್ ಇನಿಂಗ್ಸ್ ಆಡಿದರು. 96ಕ್ಕೆ ಔಟಾದರು. ಭಾರತ 204ಕ್ಕೆ ನಿಂತಿತು. ಹದಿನಾರು ರನ್ನಿನ ಸೋಲು. ಭಾರತದ ನೆಲದಲ್ಲಿ ಪಾಕಿಸ್ತಾನಕ್ಕೆ ಮೊದಲ ಸರಣಿ ಗೆಲುವು. ಆಗ ರೇಡಿಯೊಗೆ ಕಿವಿಯಂಟಿಸಿ ಕೂತಿದ್ದವರ ನೆನಪಿನಲ್ಲಿ ಈಗಲೂ ಉಳಿದಿರುವುದು ಗಾವಸ್ಕರ್ ಆಟ, ಮಣಿಂದರ್ ಎಡಗೈ, ತೌಸೀಫ್ ಆಫ್‌ಸ್ಪಿನ್. ಸೋತಿದ್ದಕ್ಕೆ ಬೈದವರು ನನಗೆ ಸಿಕ್ಕಿಲ್ಲ. ಐದು ದಿನ ಒಬ್ಬ ಎದುರಾಳಿಯನ್ನು ನೋಡಿದರೆ ಅವನ ಕೈಚಳಕ ಕಾಣದೆ ಇರುವುದಿಲ್ಲ.

ಒಂದು ದಿನದ ಆಟದ ಪರಿ ಬೇರೆ. ಅಲ್ಲಿ ಒಂದೇ ಚೆಂಡು ವರ್ಷಗಟ್ಟಲೆ ಕಾಡುತ್ತದೆ. 1986ರ ಏಪ್ರಿಲ್ 18ರಂದು ಶಾರ್ಜಾದಲ್ಲಿ ಚೇತನ್ ಶರ್ಮಾ ಹಾಕಿದ ಕೊನೆಯ ಚೆಂಡನ್ನು ಜಾವೇದ್ ಮಿಯಾಂದಾದ್ ಸಿಕ್ಸರ್‌ಗೆ ಎತ್ತಿದ್ದು ಅಂಥದ್ದು. ಆ ಗಾಯಕ್ಕೆ ಮದ್ದು ಸಿಕ್ಕಿದ್ದು ಹತ್ತು ವರ್ಷದ ಮೇಲೆ, ಮತ್ತೆ ಬೆಂಗಳೂರಿನಲ್ಲೇ.

1996ರ ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್ ಫೈನಲ್. ಚಿನ್ನಸ್ವಾಮಿಯ ಹೊಸ ದೀಪಗಳ ಕೆಳಗೆ ನಡೆದ ಮೊದಲ ಪಂದ್ಯ. ಬಳ್ಳಾರಿಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಹಾದಿ. ಟಿಕೆಟ್ ಸಿಕ್ಕ ಪುಣ್ಯವಂತರು ಹೋದರು. ಉಳಿದವರಿಗೆ ಟಿವಿ ಇದ್ದ ಮನೆ, ಟಿವಿ ಇದ್ದ ಹೋಟೆಲ್, ಒಗ್ಗರಣೆ-ಮಿರ್ಚಿಯ ಪೊಟ್ಟಣ. ನವಜೋತ್ ಸಿಂಗ್ ಸಿಧು 93 ಹೊಡೆದರು. ಕೊನೆಗೆ ಅಜಯ್ ಜಡೇಜಾ 25 ಚೆಂಡಿಗೆ 45 ಬಾರಿಸಿದರು. ವಕಾರ್ ಯೂನಿಸ್ ಅವರ ಕಡೆಯ ಎರಡು ಓವರಿನಲ್ಲಿ 40 ರನ್ ಹರಿದವು. ಒಟ್ಟು 287. ವಾಸಿಂ ಅಕ್ರಂ ಗಾಯಗೊಂಡು ಆಡಿರಲಿಲ್ಲ, ಆ ದಿನ ನಾಯಕ ಆಮಿರ್ ಸೊಹೈಲ್.

ಸೊಹೈಲ್ ಮತ್ತು ಸಯೀದ್ ಅನ್ವರ್ ಶುರು ಮಾಡಿದ ರೀತಿ ನೋಡಿದರೆ 287 ಸಾಲದು ಎನ್ನಿಸುತ್ತಿತ್ತು. ಅನ್ವರ್ ವಿಕೆಟ್ ಜಾವಗಲ್ ಶ್ರೀನಾಥ್ ಕಿತ್ತ ಮೇಲೂ ಸೊಹೈಲ್ ನಿಲ್ಲಲಿಲ್ಲ. ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಕವರ್ಸ್ ಕಡೆ ಬೌಂಡರಿಗೆ ಹೊಡೆದು, ಬ್ಯಾಟನ್ನು ಆ ಕಡೆ ಚಾಚಿ, ಮುಂದಿನದೂ ಅಲ್ಲಿಗೇ ಹೋಗುತ್ತದೆ ಎಂಬಂತೆ ತೋರಿಸಿದರು. ಪ್ರಸಾದ್ ಮಾತಾಡದೆ ತಿರುಗಿ ನಡೆದು ಹೋದರು. ಮುಂದಿನ ಚೆಂಡು ಆಫ್ ಸ್ಟಂಪಿನ ನೇರಕ್ಕೆ ಬಿತ್ತು. ಸೊಹೈಲ್ ಮತ್ತದೇ ಹೊಡೆತಕ್ಕೆ ಬೀಸಿದರು. ಆಫ್ ಸ್ಟಂಪ್ ಕಿತ್ತು ಹಿಂದಕ್ಕೆ ಹೋಯಿತು. ಪ್ರಸಾದ್ ಆಮೇಲೆ ಆಡಿದ ಮಾತು ಮೈಕ್ ಇಲ್ಲದೆಯೂ ಇಡೀ ದೇಶಕ್ಕೆ ಕೇಳಿಸಿತು. ಪ್ರಸಾದ್‌ಗೆ 3, ಕುಂಬ್ಳೆಗೆ 3 ವಿಕೆಟ್. ಶಾರ್ಜಾದ ಮಿಯಾಂದಾದ್ ಇಲ್ಲಿ 38ಕ್ಕೆ ರನ್‌ಔಟ್ ಆದರು, ಅದೇ ಅವರ ಕಡೆಯ ಅಂತರರಾಷ್ಟ್ರೀಯ ಪಂದ್ಯ. ಭಾರತ 39 ರನ್ನಿಂದ ಗೆದ್ದಿತು. ಆ ರಾತ್ರಿ ಬಳ್ಳಾರಿಯಲ್ಲಿ ಹೊಡೆದ ಪಟಾಕಿಗೆ ದೀಪಾವಳಿಯೇ ನಾಚಬೇಕಿತ್ತು.

1999ನೆಯ ಇಸವಿಯನ್ನು ಮಾತ್ರ ಕನ್ನಡದ ಬೌಲರ್‌ಗಳೇ ಬರೆದರು. ಆ ಜನವರಿಯಲ್ಲಿ ಪಾಕಿಸ್ತಾನ ಪ್ರವಾಸವನ್ನು ವಿರೋಧಿಸಿ ಶಿವಸೇನೆಯವರು ಕೋಟ್ಲಾದ ಪಿಚ್ ಅಗೆದಿದ್ದರಿಂದ ಮೊದಲ ಟೆಸ್ಟ್ ಚೆನ್ನೈಗೆ ಹೋಯಿತು. ಅಲ್ಲಿ ಕುಂಬ್ಳೆಗೆ ಮೊದಲ ಇನಿಂಗ್ಸಿನಲ್ಲಿ 6 ವಿಕೆಟ್. ಎರಡನೆಯದರಲ್ಲಿ ಪ್ರಸಾದ್ 33 ರನ್ನಿಗೆ 6. ಅದರೊಳಗೆ ಒಂದೂ ರನ್ ಕೊಡದೆ ಐವರನ್ನು ಕಳಿಸಿದ ಒಂದು ಸ್ಪೆಲ್. ಗುರಿ 271. ಬೆನ್ನುನೋವಿನಲ್ಲಿ ಸಚಿನ್ ತೆಂಡೂಲ್ಕರ್ 136 ಹೊಡೆದು ಔಟಾದಾಗ ಬೇಕಿದ್ದದ್ದು ಇನ್ನು 17 ರನ್, ಉಳಿದಿದ್ದದ್ದು ಮೂರು ವಿಕೆಟ್. ಆ ಹದಿನೇಳನ್ನು ಗಳಿಸಬೇಕಾದ ನಾಲ್ವರೂ ಕರ್ನಾಟಕದವರು: ಗದಗಿನ ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ಪ್ರಸಾದ್. ಬಂದದ್ದು ನಾಲ್ಕೇ ರನ್. 12 ರನ್ನಿಂದ ಸೋಲು. ಚೆನ್ನೈನ ಜನ ಒಂದು ಕ್ಷಣ ದಂಗಾಗಿ ಕೂತು, ಆಮೇಲೆ ಎದ್ದುನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ವಾಸಿಂ ಅಕ್ರಂ ತಂಡ ಮೈದಾನದ ಸುತ್ತ ಓಡಿ ಅದಕ್ಕೆ ಉತ್ತರಿಸಿತು.

ಮುಂದಿನ ವಾರ ದೆಹಲಿ. ಗುರಿ 420, ಪಾಕಿಸ್ತಾನ ವಿಕೆಟ್ ಕಳೆದುಕೊಳ್ಳದೆ 101. ಊಟದ ನಂತರ ಕುಂಬ್ಳೆ ತುದಿ ಬದಲಿಸಿದರು. 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಮಾಡಿದ್ದನ್ನು ಜಗತ್ತಿನಲ್ಲಿ ಎರಡನೆಯವರಾಗಿ ಮಾಡಿದರು. ಈ ಸಾಧನೆಯಲ್ಲಿ ನಾನು ಹೆಚ್ಚು ನೆನೆಯುವುದು ಜಾವಗಲ್ ಶ್ರೀನಾಥ್ ಅವರನ್ನು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಅವರು ಬೇಕೆಂದೇ ಸ್ಟಂಪಿನಿಂದ ಆಚೆ ಆಚೆಗೆ ಹಾಕಿದರು, ಹತ್ತನೆಯದು ಗೆಳೆಯನಿಗೇ ಸಿಗಲಿ ಎಂದು. ಅದೇ ಫೆಬ್ರುವರಿಯಲ್ಲಿ ಕಲ್ಕತ್ತಾದಲ್ಲಿ ಶ್ರೀನಾಥ್ ಸ್ವತಃ 86ಕ್ಕೆ 8, ಪಂದ್ಯದಲ್ಲಿ 13 ವಿಕೆಟ್ ಕಿತ್ತರು. ಆದರೂ ಭಾರತ ಸೋತಿತು. ಗಲಾಟೆಯಿಂದ ಗ್ಯಾಲರಿಗಳನ್ನು ಖಾಲಿ ಮಾಡಿಸಿ ಆಟ ಮುಗಿಸಬೇಕಾಯಿತು. ಇನ್ನು ಜೂನ್ 8. ಕಾರ್ಗಿಲ್ ಬೆಟ್ಟಗಳಲ್ಲಿ ಯುದ್ಧ ನಡೆಯುತ್ತಿದ್ದಾಗಲೇ ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ ಪಂದ್ಯ. ರಾಹುಲ್ ದ್ರಾವಿಡ್ 61, ಪ್ರಸಾದ್ 27ಕ್ಕೆ 5, ಶ್ರೀನಾಥ್ 37ಕ್ಕೆ 3. ಭಾರತಕ್ಕೆ 47 ರನ್ ಗೆಲುವು.

ಐದು ತಿಂಗಳೊಳಗೆ ಚಪ್ಪಾಳೆ, ಗಲಾಟೆ, ಯುದ್ಧ ಎಲ್ಲವೂ ಬಂದುಹೋದವು. ಆಮೇಲೆ ಮತ್ತೆ ಐದು ವರ್ಷ ಟೆಸ್ಟ್ ಬಂದ್.

2004ರಲ್ಲಿ ಬಾಗಿಲು ತೆರೆದಾಗ ಸಾವಿರಾರು ಭಾರತೀಯರು ವೀಸಾ ಪಡೆದು ಲಾಹೋರ್, ಕರಾಚಿಗೆ ಹೋಗಿ ಆಟ ನೋಡಿ ಬಂದರು. ಮುಲ್ತಾನಿನಲ್ಲಿ ವೀರೇಂದ್ರ ಸೆಹ್ವಾಗ್ 309, ಪಾಕಿಸ್ತಾನದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು. ರಾವಲ್ಪಿಂಡಿಯಲ್ಲಿ ದ್ರಾವಿಡ್ ಹನ್ನೆರಡು ಗಂಟೆಗೂ ಮೀರಿ ನಿಂತು 270 ಹೊಡೆದು ಸರಣಿಯನ್ನೇ ಗೆಲ್ಲಿಸಿಕೊಟ್ಟರು. ಮರುವರ್ಷ ಬೆಂಗಳೂರಿನಲ್ಲಿ ಯೂನಿಸ್ ಖಾನ್ 267, ನೂರನೆಯ ಟೆಸ್ಟ್ ಆಡುತ್ತಿದ್ದ ಇಂಜಮಾಮ್ ಉಲ್ ಹಕ್ 184. ಗೆದ್ದು ಸರಣಿ ಸಮ ಮಾಡಿಕೊಂಡರು. ಇಷ್ಟು ಬಿಡುವಿಲ್ಲದೆ ಆಡಿದ ಆ ನಾಲ್ಕು ವರ್ಷಗಳಲ್ಲಿ ಎದುರಾಳಿಗಳ ಹೆಸರು ನಮ್ಮ ಹುಡುಗರ ಬಾಯಲ್ಲಿ ಆಟಗಾರರ ಹೆಸರಾಗಿಯೇ ಇತ್ತು. 2007ರ ಸೆಪ್ಟೆಂಬರ್‌ನಲ್ಲಿ ಡರ್ಬಾನಿನಲ್ಲಿ ಪಂದ್ಯ ಟೈ ಆಗಿ, ಸ್ಟಂಪಿಗೆ ಗುರಿಯಿಟ್ಟು ಹೊಡೆಯುವ ಬೌಲ್‌ಔಟ್‌ನಲ್ಲಿ ಕೊಡಗಿನ ರಾಬಿನ್ ಉತ್ತಪ್ಪ ಬೇಲ್ ಹಾರಿಸಿ ತಲೆಬಾಗಿ ನಮಿಸಿದ್ದು ಆ ಕಾಲದ ಮನಸ್ಥಿತಿ ಎಷ್ಟು ಹಗುರಾಗಿತ್ತೆಂದು ತೋರಿಸುತ್ತದೆ.

2008ರ ನವೆಂಬರ್ 26ರ ಮುಂಬೈ ದಾಳಿ ಅದಕ್ಕೆ ಕೊನೆ ಹಾಡಿತು. 2012ರ ಕ್ರಿಸ್‌ಮಸ್ ದಿನ ಬೆಂಗಳೂರಿನಲ್ಲೇ ಒಂದು ಟಿ20 ಆಯಿತು. ಶೋಯೆಬ್ ಮಲಿಕ್ ಕೊನೆಯ ಓವರಿನಲ್ಲಿ ಪಾಕಿಸ್ತಾನವನ್ನು ದಡ ಸೇರಿಸಿದರು. ಮುಂದಿನ ಜನವರಿ 6ರ ದೆಹಲಿ ಪಂದ್ಯದ ನಂತರ ದ್ವಿಪಕ್ಷೀಯ ಸರಣಿ ಎಂಬುದೇ ಇಲ್ಲ. 2023ರ ವಿಶ್ವಕಪ್‌ನಲ್ಲಿ ಪಾಕಿಸ್ತಾನ ಎರಡು ಸಲ ಚಿನ್ನಸ್ವಾಮಿಗೆ ಬಂತು. ಆಡಿದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜೊತೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಅಮಾಯಕ ಪ್ರವಾಸಿಗರ ಹತ್ಯೆಯಾಯಿತು. ಅದೇ ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಮೂರು ಸಲ ಎದುರಾದ ತಂಡಗಳು ಕೈಕುಲುಕಲಿಲ್ಲ. ಫೈನಲ್ ಗೆದ್ದ ಭಾರತ ಟ್ರೋಫಿಯನ್ನೂ ಎತ್ತಿಕೊಳ್ಳದೆ ಬಂತು. ಸತ್ತವರ ಮನೆಯವರ ನೋವು ದೊಡ್ಡದು, ಅದರ ಮುಂದೆ ಕ್ರಿಕೆಟ್ ಚಿಕ್ಕದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ಸಂಕಟ ಬೇರೆ ಇದೆ. ಆ ಸಿಟ್ಟು ದುಬೈಯಲ್ಲಿ ನಿಲ್ಲುವುದಿಲ್ಲ, ನಮ್ಮ ಓಣಿಗೆ ಬರುತ್ತದೆ. ಮ್ಯಾಚಿನ ದಿನ ಕೌಲ್ ಬಜಾರಿನ ಹುಡುಗನಿಗೆ ‘ನಿಂದ್ಯಾವ ಟೀಮಪ್ಪಾ?’ ಎಂದು ನಗುನಗುತ್ತಲೇ ಕೇಳುವವರಿದ್ದಾರೆ. ಪಕ್ಕದಲ್ಲಿ ನಿಂತ ಅವನ ಗೆಳೆಯನಿಗೆ ಆ ಪ್ರಶ್ನೆ ಹೋಗುವುದಿಲ್ಲ. ಕೇಳಿದವನಿಗೆ ಅದು ತಮಾಷೆ. ಕೇಳಿಸಿಕೊಂಡವನು ಅಂದಿನ ಆಟವನ್ನೇ ನೋಡಲಾರ. 1979ರಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಎದುರು ವಿಕೆಟ್ ಕಾಯ್ದವರು ಕಿರ್ಮಾನಿ, 1996ರಲ್ಲಿ ಅಲ್ಲೇ ಗೆದ್ದ ತಂಡದ ನಾಯಕ ಅಜರುದ್ದೀನ್. ಬಳ್ಳಾರಿಯ ರೇಡಿಯೊ ಸ್ಕೋರನ್ನು ಓಣಿಗೆಲ್ಲ ಹಂಚಿದವರೂ ಈ ಹುಡುಗನ ಅಜ್ಜಂದಿರೇ. ಈ ಪ್ರಶ್ನೆಯನ್ನು ನಾವು ಕೇಳುವುದು ನಿಲ್ಲಿಸಬೇಕು.

ಹೆಣ್ಣುಮಕ್ಕಳ ಆಟ ನೋಡಿ. 2022ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ವಿಶ್ವಕಪ್‌ನಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 31 ರನ್ನಿಗೆ 4 ವಿಕೆಟ್ ಕಿತ್ತು ಪಾಕಿಸ್ತಾನವನ್ನು ಮಣಿಸಿದರು. ಪಂದ್ಯ ಮುಗಿದ ಮೇಲೆ ಭಾರತದ ಹುಡುಗಿಯರು ಪಾಕಿಸ್ತಾನದ ನಾಯಕಿ ಬಿಸ್ಮಾ ಮಾರೂಫ್ ಅವರ ಎಳೆಗೂಸನ್ನು ಮುತ್ತಿಕೊಂಡು ಆಡಿಸಿದ ಚಿತ್ರ ಜಗತ್ತೆಲ್ಲ ಸುತ್ತಿತು. 107 ರನ್ನಿನ ಸೋಲಾದರೂ ಯಾರ ಮಾನವೂ ಹೋಗಲಿಲ್ಲ.

ಐಸಿಸಿಯ ಟೆಸ್ಟ್ ಚಾಂಪಿಯನ್‌ಷಿಪ್ 2019ರಲ್ಲಿ ಶುರುವಾಯಿತು. ಒಂಬತ್ತು ತಂಡಗಳಲ್ಲಿ ಭಾರತವೂ ಇದೆ, ಪಾಕಿಸ್ತಾನವೂ ಇದೆ. ಇವರಿಬ್ಬರ ನಡುವೆ ಒಂದು ಸರಣಿಯೂ ನಿಗದಿಯಾಗಿಲ್ಲ. ಮೆಲ್ಬರ್ನಿನ ಕ್ರಿಕೆಟ್ ಕ್ಲಬ್ 2022ರಲ್ಲಿ ತನ್ನ ಮೈದಾನದಲ್ಲಿ ಒಂದು ಟೆಸ್ಟ್ ಆಡಿಸಲು ಸಾಧ್ಯವೇ ಎಂದು ವಿಚಾರಿಸಿತ್ತು. ಟಿವಿ ಹಕ್ಕಿನ ದುಡ್ಡು ಬರುತ್ತದೆಂದು ಮೂರನೆಯ ದೇಶದಲ್ಲಿ ಟಿ20 ಆಡಲು ಒಪ್ಪುವ ಎರಡು ಮಂಡಳಿಗಳು ಅದೇ ಮೂರನೆಯ ದೇಶದಲ್ಲಿ ಟೆಸ್ಟ್ ಆಡಲು ಯಾಕೆ ಒಪ್ಪಬಾರದು? ಆಡುವುದೇ ಬೇಡವೆಂದರೆ ಅದಕ್ಕೊಂದು ನ್ಯಾಯವಿದೆ. ಅರ್ಧ ಸಂಜೆ ಆಡಿ ಸಿಟ್ಟು ಮಾರುವುದಕ್ಕೆ ಯಾವ ನ್ಯಾಯವೂ ಇಲ್ಲ.

ಏಕದಿನ ವಿಶ್ವಕಪ್‌ಗಳಲ್ಲಿ ಪಾಕಿಸ್ತಾನದ ಮೇಲೆ 8-0 ಎಂಬ ನಮ್ಮ ಲೆಕ್ಕ ಸಿರುಗುಪ್ಪದ ಮಕ್ಕಳಿಗೂ ಬಾಯಿಪಾಠ. ಟೆಸ್ಟಿನ ಲೆಕ್ಕವನ್ನೂ ಅವರಿಗೆ ಹೇಳಬೇಕು. ಆಡಿದ್ದು 59, ಡ್ರಾ 38, ಭಾರತ ಗೆದ್ದದ್ದು 9, ಪಾಕಿಸ್ತಾನ 12. ನಾವು ಇನ್ನೂ ಮೂರು ಗೆಲುವು ಹಿಂದಿದ್ದೇವೆ.